ನಾದಬಾರದ ಹಿಟ್ಟು

ಚಪಾತಿ ಹಿಟ್ಟು ನಾದುವುದರಲ್ಲಿ ನನ್ನನ್ನು ಮೀರಿಸುವವರು ಐರ್ಲೆಂಡಿನಲ್ಲಿಲ್ಲ ಎಂದು ನಂಬಿದ್ದೆ. ನಾವಿದ್ದ ಐರಿಶ್ ಹಳ್ಳಿಯಲ್ಲಿ ಬೇರೆ ಯಾರೂ ಚಪಾತಿ ಮಾಡುತ್ತಿರಲಿಲ್ಲ ಎಂಬುದು ಬೇರೆ ಮಾತು.

ಕೊರೊನಾ ಬಂದು ಊರೆಲ್ಲ ಬಾಗಿಲು ಹಾಕಿಕೊಂಡಾಗ ಪಕ್ಕದ ಮನೆಯ ಬ್ರಿಡಿ ಅಜ್ಜಿ ಬಿದ್ದು ಕೈ ಮುರಿದುಕೊಂಡರು. ತೊರೆಯ ಬದಿಯ ಗಿರಣಿಯಲ್ಲಿ ಕಲ್ಲಿನಿಂದ ಬೀಸಿದ ಗೋಧಿಹಿಟ್ಟು ತಂದು ದಿನಾ ತಾವೇ ಸೋಡಾ ಬ್ರೆಡ್ಡು, ಅಂದರೆ ಯೀಸ್ಟ್ ಇಲ್ಲದೆ ಅಡುಗೆ ಸೋಡಾದಿಂದಲೇ ಉಬ್ಬುವ ಬ್ರೆಡ್ಡು, ಮಾಡುತ್ತಿದ್ದ ಜೀವ ಅದು. ಅಂಗಡಿಯ ಬ್ರೆಡ್ಡನ್ನು ಹತ್ತಿ ಎಂದು ಜರೆದು, ಬರೀ ಟೀ ಕುಡಿದು ಸೊರಗುತ್ತಿದ್ದರು. ಅವರಿಗೆ ಅವರ ಬ್ರೆಡ್ಡು ತಿನ್ನಿಸಿಯೇ ತೀರುತ್ತೇನೆಂದು ಹಠ ತೊಟ್ಟೆ.

ಗಿರಣಿಗೆ ಹೋದೆ. ಮೈಸೂರಿನಲ್ಲಿ ಡಬ್ಬ ಹಿಡಿದು ಸಾಲು ನಿಂತವನಲ್ಲವೇ, ಅಭ್ಯಾಸಬಲದಿಂದ "ಇದಕ್ಕೂ ಮೊದಲು ಏನು ಬೀಸಿದ್ರಿ?" ಎಂದು ಕೇಳಿದೆ. ಮಾಸ್ಕ್ ಹಾಕಿದ ಗಿರಣಿಯವನು ಬೆರಗಾಗಿ "ಓಟ್ಸ್" ಎಂದ. ನೆಮ್ಮದಿಯಾಯಿತು, ನಮ್ಮೂರಾಗಿದ್ದರೆ ಮೆಣಸಿನಕಾಯಿಯೂ ಆಗಿರಬಹುದಿತ್ತು.

ಮಜ್ಜಿಗೆ, ಸೋಡಾ, ಉಪ್ಪು ಬೆರೆಸಿ, ಅಮ್ಮ ಕಲಿಸಿದಂತೆ ಕಿವಿಯ ಹಾಲೆಯಷ್ಟು ಮೆತ್ತಗಾಗುವವರೆಗೆ ನಾದಿದೆ. ಬೆಂದ ಬ್ರೆಡ್ಡನ್ನು ನಡುವಿನ ಗೋಡೆಯ ಮೇಲಿಟ್ಟು ದೂರ ನಿಂತೆ. ಮಾರನೆಯ ದಿನ ಅಜ್ಜಿ "ಗ್ರ್ಯಾಂಡ್!" ಎಂದರು. ನಾನು ಉಬ್ಬಿಹೋದೆ. ಬ್ರೆಡ್ಡು ಮಾತ್ರ ಉಬ್ಬಿರಲಿಲ್ಲ.

ನನ್ನ ಹೆಂಡತಿ ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು. "ರೀ, ಇಲ್ಲಿ ಕಾಲು ಮುರ್ಕೊಂಡು ಬಂದೋರೂ ಗ್ರ್ಯಾಂಡ್ ಅಂತಾರೆ. ಅದನ್ನ ಹೊಗಳಿಕೆ ಅಂದ್ಕೋಬೇಡಿ," ಎಂದಳು. ಹೊಟ್ಟೆಕಿಚ್ಚು ಎಂದುಕೊಂಡೆ. ಆದರೆ ಅಂದೇ ಅಜ್ಜಿಯ ಅಂಗಳದಲ್ಲಿ ಕಾಗೆಗಳು ನನ್ನ ಬ್ರೆಡ್ಡಿನ ಜೊತೆ ಗುದ್ದಾಡುತ್ತಿದ್ದವು. ಬದುಕಿರುವಾಗಲೇ ನನ್ನ ಪಿಂಡ ಇಟ್ಟಂತಾಯಿತಲ್ಲ ಎಂದು ಸಂಕಟವಾಯಿತು. ಅದಕ್ಕಿಂತ ಹೆಚ್ಚಾಗಿ, ಅಜ್ಜಿ ಇನ್ನೂ ಹಸಿದೇ ಇದ್ದರು. ಮಾನ ಬದಿಗಿಟ್ಟು, ಎಲ್ಲಿ ತಪ್ಪಿದೆನೆಂದು ಅವರನ್ನೇ ಕೇಳಿದೆ.

"ಎಷ್ಟು ಹೊತ್ತು ಕಲಸ್ತೀಯಪ್ಪಾ?"

"ಅರ್ಧ ಗಂಟೆ ಚೆನ್ನಾಗಿ ನಾದ್ತೀನಿ," ಎಂದೆ ಹೆಮ್ಮೆಯಿಂದ.

ಅಜ್ಜಿ ಸರಿಯಿದ್ದ ಕೈಯಿಂದ ಎದೆಯ ಮೇಲೆ ಶಿಲುಬೆ ಬರೆದುಕೊಂಡರು. "ಅಯ್ಯೋ, ಇದು ನಾದೋ ಹಿಟ್ಟಲ್ಲ, ನಾದಿದ್ರೆ ಕಲ್ಲಾಗುತ್ತೆ! ಮುಟ್ಟಿದ್ಯೋ ಇಲ್ವೋ ಅನ್ನೋ ಹಾಗೆ ಕೂಡಿಸಿ ಬಿಟ್ಬಿಡು."

ಯಾರೂ ಯಾರನ್ನೂ ಮುಟ್ಟಬಾರದ ಕಾಲ. ಹಿಟ್ಟಿಗೂ ಅದೇ ಕಾನೂನು. ನೀವೇ ಮಾಡಿ ನೋಡಿ, ನಾದುವುದಕ್ಕಿಂತ ನಾದದಿರುವುದು ಕಷ್ಟ. ಕೈ ತುರಿಸಿದಾಗಲೆಲ್ಲ ಬೆನ್ನ ಹಿಂದೆ ಕಟ್ಟಿಕೊಂಡೆ. ಒಲೆಯೊಳಗೆ ಬ್ರೆಡ್ಡು ಬಾಯಿ ಬಿಟ್ಟು ಉಬ್ಬಿತು.

ಮಾರನೆಯ ದಿನ ಕಾಗೆಗಳು ಗೋಡೆಯ ಮೇಲೆ ಕಾದು ಕಾದು ಹಾರಿಹೋದವು. ಅಜ್ಜಿ ಹೊರಬಂದರು, ಗಲ್ಲಕ್ಕೆ ಬೆಣ್ಣೆ ಮೆತ್ತಿತ್ತು. ಗ್ರ್ಯಾಂಡ್ ಎನ್ನಲಿಲ್ಲ. "ಉಪ್ಪು ಜಾಸ್ತಿ ಮಾಡಿದ್ದೀಯಲ್ಲೋ!" ಎಂದು ಗದರಿದರು.

ನನ್ನ ಕಣ್ಣು ತುಂಬಿತು. ಹೊಗಳುವುದಕ್ಕೆ ನೋಡಿದರೂ ಸಾಕು. ಉಪ್ಪು ಜಾಸ್ತಿ ಎನ್ನಲು ತಿಂದಿರಲೇಬೇಕು.