ಇಂಕಕ್ಕ ಕಾಣದ ಹಾಳೆ

ಬೆಳಗಿನ ಐದೂವರೆ. ಅಡುಗೆಮನೆಯ ಕಟ್ಟೆಯ ಮೇಲೆ ಹಳೆಯ ದಿನಪತ್ರಿಕೆ ಹಾಸಿದೆ. ಫ್ಯಾನು ನಿಂತಿದೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಹೆಂಗಸೊಬ್ಬರು ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಪ್ರಿಂಟರ್ ಕಾರ್ಟ್ರಿಜ್ಜಿನ ಕಿಂಡಿಗೆ ಸಿರಿಂಜಿನ ಸೂಜಿ ಇಳಿಸುತ್ತಾರೆ. ಹೆಬ್ಬೆರಳು ಅಲುಗುವುದು ಕಾಣುವುದಿಲ್ಲ, ಶಾಯಿ ಮಾತ್ರ ಇಳಿಯುತ್ತಿದೆ. ನಮ್ಮ ಮನೆಯಲ್ಲಿ ಒಬ್ಬರು ತೀರಿಕೊಂಡ ಮೇಲೆ ನಾನೂ ಈ ಹೊತ್ತಿಗೆ ಎದ್ದಿರುತ್ತೇನೆ; ಇವತ್ತು ಇವರ ಕೆಲಸ ನೋಡಲು ಬಂದು ಕೂತಿದ್ದೇನೆ. ಪ್ರಾರ್ಥನೆಗೆ ಕೂತಾಗಲೂ ನನ್ನ ಮನಸ್ಸು ಇಷ್ಟು ನಿಂತದ್ದಿಲ್ಲ.

ಬೀದಿಗೆಲ್ಲ ಇವರು ಇಂಕಕ್ಕ. ಹತ್ತೊಂಬತ್ತು ವರ್ಷ ನರ್ಸಿಂಗ್ ಹೋಮಿನಲ್ಲಿ ಇಂಜೆಕ್ಷನ್ ಕೊಟ್ಟವರು. ಅದು ಮುಚ್ಚಿತು. ಅದೇ ವರ್ಷ ಬಸ್ ಓಡಿಸುತ್ತಿದ್ದ ಗಂಡನ ಮಂಡಿ ಕೈಕೊಟ್ಟಿತು. ಬೇರೆ ಕೆಲಸ ಸಿಗಲಿಲ್ಲ. ಪಕ್ಕದ ಮನೆಯವರು ಎಸೆಯಲು ಹೊರಟಿದ್ದ ಖಾಲಿ ಕಾರ್ಟ್ರಿಜ್ಜನ್ನು ಕೇಳಿ ಪಡೆದು, ಬಿಚ್ಚಿ ನೋಡಿ, ತಾವೇ ಕಲಿತರು. “ಮನುಷ್ಯರಿಗೆ ಚುಚ್ಚಿದ್ರೆ ಅಳ್ತಾರೆ. ಇವು ಪಾಪ, ಸುಮ್ನಿರ್ತವೆ” ಎನ್ನುತ್ತಾರೆ.

ದಿನಕ್ಕೆ ಎಂಟೋ ಹತ್ತೋ ಬರುತ್ತವೆ. ಕಪ್ಪಿಗೆ ಐದು ಎಂ.ಎಲ್., ಬಣ್ಣದ್ದಕ್ಕೆ ಒಂದೊಂದು ಗೂಡಿಗೂ ಎರಡು. ಅವಸರ ಮಾಡಿದರೆ ಒಳಗಿನ ಸ್ಪಂಜಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಒಂದಕ್ಕೆ ಕಾಲು ಗಂಟೆ. ಬಣ್ಣದ್ದಾದರೆ ಮೂರು ಗೂಡಿಗೂ ಒಂದೊಂದು ಹಲ್ಲುಕಡ್ಡಿ ಇಳಿಸಿ, ಬಿಳಿ ಕಾಗದಕ್ಕೆ ಮುಟ್ಟಿಸಿ, ಬಣ್ಣ ನೋಡದೆ ಸಿರಿಂಜ್ ಮುಟ್ಟುವುದಿಲ್ಲ. ಅದಕ್ಕೆ ಕಾರಣವಿದೆ. ಮೊದಲ ವರ್ಷ, ಎಲ್ಲ ಕಂಪನಿಯವರೂ ಬಣ್ಣಗಳನ್ನು ಒಂದೇ ಸಾಲಿನಲ್ಲಿ ಇಡುತ್ತಾರೆಂದು ನಂಬಿ, ಹಳದಿಯ ಗೂಡಿಗೆ ಕೆಂಪು ತುಂಬಿದ್ದರು.

“ಫೋಟೋದಲ್ಲಿ ಮನೆಮಂದಿಯೆಲ್ಲ ಬೀಟ್‌ರೂಟ್ ಆಗಿದ್ರು” ಎಂದು ಒಳಗಿನಿಂದ ಗಂಡನ ದನಿ.

“ನಿಮ್ಮ ಬಿಳಿ ಅಂಗಿ ಇಲ್ಲೇ ಇದೆ, ನೆನಪಿರ್ಲಿ.”

ಆರು ಗಂಟೆಗೆ ಹಿಂದಿನ ಬೀದಿಯ ತಾಯಿಯೊಬ್ಬಳು ಖಾಲಿ ಕಾರ್ಟ್ರಿಜ್ ಹಿಡಿದು ಓಡೋಡಿ ಬರುತ್ತಾಳೆ. ಅವಳ ಮಗಳ ಕಣ್ಣಿಗೆ ಪುಸ್ತಕದ ಸಣ್ಣ ಅಕ್ಷರ ಕಾಣಿಸದು. ತಾಯಿಯೇ ಪಾಠಗಳನ್ನು ಟೈಪ್ ಮಾಡಿ, ಉಗುರಿನಷ್ಟು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಡುತ್ತಾಳೆ. ಒಂಬತ್ತಕ್ಕೆ ಪರೀಕ್ಷೆ. ಕೊನೆಯ ಪಾಠ ಬಾಕಿ. ಅಂಗಡಿಗಳು ತೆರೆಯುವುದು ಹತ್ತಕ್ಕೆ.

“ಹಾಳೆ ಮಸುಕಾಗಿ ಬಂದ್ರೂ ಪ್ರಿಂಟರ್ ಓಡಿಸ್ತಾನೇ ಇದ್ದೆ, ಅಲ್ವಾ?” ಇಂಕಕ್ಕ ಕೇಳುತ್ತಾರೆ.

“ಇನ್ನೊಂದೆರಡು ಬರಲಿ ಅಂತ...”

“ಒಣಗಿದ್ಮೇಲೆ ಓಡಿಸಿದ್ರೆ ಕೆಳಗಿನ ಮೂತಿ ಸುಟ್ಟುಹೋಗುತ್ತೆ ಅಂತ ಎಷ್ಟು ಸಲ ಬಡ್ಕೊಂಡಿಲ್ಲ ನಾನು? ಸುಟ್ಟಿದ್ರೆ ನಾನೇನು, ದೇವರು ಬಂದ್ರೂ ಆಗಲ್ಲ. ಕೂತ್ಕೋ. ನೀರು ಕುಡಿ.”

ಬಿಸಿನೀರಲ್ಲಿ ಹಿಂಡಿದ ಬಟ್ಟೆಯ ಮೇಲೆ ಕಾರ್ಟ್ರಿಜ್ಜನ್ನು ಮೂತಿ ಕೆಳಗಾಗಿ ಇಡುತ್ತಾರೆ. ಶಾಯಿ ಹನಿಹನಿಯಾಗಿ ಇಳಿಸುತ್ತಾರೆ. ಮೆಲ್ಲಗೆ ಟಿಶ್ಯೂ ಕಾಗದಕ್ಕೆ ಒತ್ತುತ್ತಾರೆ. ಬಿಳಿ. ಮತ್ತೆ ಬಿಸಿ ಬಟ್ಟೆ, ಮತ್ತೆ ಕಾಗದ. ಬಿಳಿಯೇ. ತಾಯಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾಳೆ, ಕುಡಿಯುತ್ತಿಲ್ಲ.

ಮೂರನೆಯ ಸಲ ಬಟ್ಟೆ ಆರುವತನಕ ಕಾಯಬೇಕು. ಆಗ ನಾನು, ಇಷ್ಟು ವರ್ಷದಲ್ಲಿ ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದೆ. ಇಂಕಕ್ಕನ ಕಣ್ಣು ಬಟ್ಟೆಯ ಮೇಲೇ ಇತ್ತು.

“ನಮ್ಮನೇಲಿ ಪ್ರಿಂಟರ್ ಇಲ್ಲ. ಒಂದಿಟ್ರೆ ಒಂದು ಜಾತಿದಕ್ಕೆ ಆಯ್ತು, ಉಳಿದವಕ್ಕೆ? ಖಾಲಿ ತರ್ತಾರೆ, ತುಂಬಿಸ್ಕೊಂಡು ಹೋಗ್ತಾರೆ. ಕೆಟ್ಟು ಬಂದ ಹಾಳೆ ಹಿಡ್ಕೊಂಡು ಜಗಳಕ್ಕೆ ಬಂದಿದ್ದಾರೆ, ಅದು ನೋಡಿದ್ದೀನಿ. ಚೆನ್ನಾಗಿ ಬಂದಿದ್ದು ಯಾರು ತರ್ತಾರೆ ಹೇಳಿ? ಹನ್ನೊಂದು ವರ್ಷ ಆಯ್ತು. ಒಂದು ಒಳ್ಳೆ ಹಾಳೆ ನೋಡ್ಬೇಕು ಅಂತ ಇದೆ. ಅಷ್ಟೆ.”

ಬಟ್ಟೆ ತೆಗೆದರು. ಕಾಗದಕ್ಕೆ ಒತ್ತಿದರು. ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿ, ಅರ್ಧಕ್ಕೆ ನಿಂತಿತು. ಅವರು ಉಸಿರು ಬಿಡಲಿಲ್ಲ. ಸಿರಿಂಜನ್ನು ಕೆಳಗಿನ ಮೂತಿಗೆ ಇಟ್ಟು ಶಾಯಿಯನ್ನು ಒಂದಿಷ್ಟೇ ಎಳೆದು, ಇನ್ನೊಮ್ಮೆ ಒತ್ತಿದರು. ಈ ತುದಿಯಿಂದ ಆ ತುದಿಗೆ ಗೆರೆ ತುಂಡಾಗದೆ ಬಂತು. ನನ್ನ ಕೈ ತಾನಾಗಿ ಮುಗಿದುಕೊಂಡಿತ್ತು. ತಾಯಿ ಆಗಲೇ ಬಾಗಿಲಲ್ಲಿದ್ದಳು.

“ಅಲ್ಲಾಡಿಸ್ಬೇಡ, ಹಸುಗೂಸಿನ ಥರ ಹಿಡ್ಕೊಂಡು ಹೋಗು” ಎಂದು ಇಂಕಕ್ಕ ಹಿಂದಿನಿಂದ ಕೂಗಿದರು.

ಏಳೂವರೆಗೆ ಅವಳು ಮತ್ತೆ ಬಂದಳು. ಕೈಯಲ್ಲಿ ಒಂದೇ ಹಾಳೆ. “ಇದನ್ನ ನನ್ನ ಮಗಳು ಓದಾಯ್ತಕ್ಕ. ನಿಮಗೆ ಕೊಟ್ಟು ಬಾ ಅಂದ್ಲು” ಎಂದು ಕೈಗಿತ್ತು, ನಿಲ್ಲದೆ ಹೊರಟುಹೋದಳು.

ಇಂಕಕ್ಕ ಕೈಯನ್ನು ಎರಡು ಸಲ ಸೋಪಿನಲ್ಲಿ ತೊಳೆದು ಒರೆಸಿಕೊಂಡರು. ಹಾಳೆಯ ಎರಡು ಮೂಲೆ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದರು. ಅದರಲ್ಲಿ ಇದ್ದದ್ದು ಒಂಬತ್ತೇ ಸಾಲು. ಒಂದೊಂದು ಅಕ್ಷರವೂ ನಾನು ನಿಂತಲ್ಲಿಗೆ ಕಾಣುತ್ತಿತ್ತು. ಗಂಡ ಕುಂಟುತ್ತ ಬಂದು ಬೆನ್ನ ಹಿಂದೆ ನಿಂತರು.

“ಏನಿದೆ ಅದ್ರಲ್ಲಿ, ಓದೇ.”

“ಓದೋದು ಆಮೇಲೆ” ಎಂದರು ಇಂಕಕ್ಕ. “ಅಕ್ಷರದ ಅಂಚು ನೋಡಿ. ಎಲ್ಲೂ ಒಂದು ಚೂರು ಹರಡಿಲ್ಲ.”