ಎರಡಾದ ಹೆಸರು

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುವ ಜಾಗ ಅದು. ಟೇಪಿನ ಕಾಲದಲ್ಲಿ ಓದುವವರ ಕೆಮ್ಮು, ತಡವರಿಕೆಗಳನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದವಳು ಅವಳು. ಕಂಪ್ಯೂಟರ್ ಬಂದು ಬ್ಲೇಡು ಹೋಯಿತು, ಹೆಸರು ಉಳಿಯಿತು.

ಅಲ್ಲಿ ಓದುವವರಲ್ಲಿ ಅವಳ ಅತ್ತೆಯೂ ಒಬ್ಬರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು, ಗಂಟೆ ಬಾರಿಸಿದಂಥ ದನಿ. ಓದುವ ಕೋಣೆಯ ಗಾಜಿನಾಚೆಯಿಂದ ಸೊಸೆ "ಇನ್ನೊಂದ್ಸಲ ಓದಿ ಅತ್ತೆ" ಎಂದರೆ, "ಮನೇಲಿ ನಾನು ಹೇಳಿದ್ದಕ್ಕೆಲ್ಲ ಇಲ್ಲಿ ತೀರಿಸ್ಕೋತಿದ್ದೀಯ" ಎಂದು ನಗುತ್ತಲೇ ಓದುತ್ತಿದ್ದರು. ನಾವಿಕನೊಬ್ಬನ ಕಥೆಯ ದಪ್ಪ ಕಾದಂಬರಿಯನ್ನು ಹಾಗೆ ಮುಗಿಸಿದರು. ಮುಗಿದ ಕೆಲವೇ ವಾರಗಳಲ್ಲಿ ಗಂಟಲಿನ ಗಡ್ಡೆ ಬಯಲಾಯಿತು. ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯಿತು; ದನಿ ಹೋಗಿ ಬರಿಯ ಪಿಸುಮಾತು ಉಳಿಯಿತು.

ಆ ಓದು ಕಂಪ್ಯೂಟರಿನಲ್ಲಿ 'ಅತ್ತೆ' ಎಂಬ ಫೋಲ್ಡರಿನಲ್ಲಿತ್ತು. ತಪ್ಪಿ ಓದಿದ ತುಣುಕುಗಳೆಲ್ಲ ಪಕ್ಕದ 'ಅತ್ತೆ ಹಳೆಯದು' ಫೋಲ್ಡರಿನಲ್ಲಿದ್ದವು. ಬೇರೆ ಡಿಸ್ಕಿಗೆ ನಕಲು ಮಾಡುವ ಮುಂಚೆ ಕಸ ತೆಗೆಯೋಣವೆಂದು ಒಂದು ಮಧ್ಯಾಹ್ನ ಕತ್ತರಿಯಕ್ಕ ಕುಳಿತಳು. ಅಳಿಸುವುದಕ್ಕೆಂದೇ ಅವಳು ಬರೆದುಕೊಂಡ ಪುಟ್ಟ ಶೆಲ್ ಸ್ಕ್ರಿಪ್ಟ್, ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಚೀಟಿ, ಇತ್ತು. ಅದರ ಹೆಸರಿನ ಮುಂದೆ ಫೋಲ್ಡರಿನ ಹೆಸರು ಕೊಟ್ಟರೆ, ಅಂದರೆ ಆರ್ಗ್ಯುಮೆಂಟ್ ಕೊಟ್ಟರೆ, ಅದು ಹಿಂದೆಮುಂದೆ ಕೇಳದೆ ಅಳಿಸುತ್ತಿತ್ತು. ನಡುವೆ ಖಾಲಿ ಜಾಗವಿದ್ದರೆ ಒಂದೇ ಹೆಸರನ್ನು ಯಂತ್ರ ಎರಡೆಂದು ತಿಳಿಯುತ್ತದೆ. ಅದು ಗೊತ್ತಿದ್ದೇ ಹೆಸರಿನ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿ ಎಂಟರ್ ಒತ್ತಿದಳು.

ಆಮೇಲೆ ನೋಡಿದರೆ 'ಅತ್ತೆ ಹಳೆಯದು' ಹಾಗೇ ಇತ್ತು. 'ಅತ್ತೆ' ಇರಲಿಲ್ಲ.

ಮತ್ತೆ ನೋಡಿದಳು. ಸ್ಕ್ರಿಪ್ಟ್ ತೆರೆದಳು. ಹೊರಗೆ ಹಾಕಿದ ಚಿಹ್ನೆ ಹೆಸರನ್ನು ಒಳಗೆ ತಲುಪಿಸಿತ್ತು, ಅಷ್ಟೆ. ಒಳಗಿನ ಅಳಿಸುವ ಸಾಲಿನಲ್ಲಿ ಅವಳು ಬರಿಯ $1 ಎಂದು ಬರೆದಿದ್ದಳು. ಕೊಟ್ಟ ಹೆಸರು ಬಂದು ಕೂರುವ ಆ ಜಾಗಕ್ಕೆ ಚಿಹ್ನೆ ಇರಲಿಲ್ಲ. ಅಲ್ಲಿ ಹೆಸರು ಮತ್ತೆ ಎರಡಾಗಿತ್ತು. 'ಹಳೆಯದು' ಎಂಬ ಫೋಲ್ಡರ್ ಇರಲೇ ಇಲ್ಲ. 'ಅತ್ತೆ' ಇತ್ತು, ಹೋಯಿತು. ರಿಪೇರಿಯವನು ಬಂದು ತಡಕಾಡಿ, "ಅಳಿಸಿದ್ದನ್ನ ಈ ಡಿಸ್ಕ್ ಇಟ್ಕೊಳ್ಳೋದೇ ಇಲ್ಲ ಅಕ್ಕ, ಒರೆಸೇಬಿಡುತ್ತೆ" ಎಂದ.

ಮನೆಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಅತ್ತೆಯ ಮುಂದೆ ನಿಂತಳು.

"ನಿಮ್ಮ ಓದೆಲ್ಲ ಅಳಿಸಿಹೋಯ್ತು ಅತ್ತೆ. ನನ್ನ ಕೈಯಿಂದಲೇ."

ಅತ್ತೆ ಪಿಸುಗುಟ್ಟಿದರು: "ಏನೂ ಉಳಿದಿಲ್ವಾ?"

"ತಪ್ಪು ಓದಿದ್ದು ಉಳಿದಿದೆ."

"ನಾನೇನು ಕಮ್ಮಿ ತಪ್ಪು ಮಾಡಿದ್ನಾ? ಅದರಲ್ಲೇ ಹುಡುಕು."

ಮರುದಿನದಿಂದ ಅವಳು ಕಸವನ್ನೇ ಕೇಳತೊಡಗಿದಳು. ಒಂದೊಂದು ಪುಟವನ್ನೂ ಅತ್ತೆ ಹಲವು ಸಲ ಓದಿದ್ದರಿಂದ ಇಲ್ಲೊಂದು ಸಾಲು, ಅಲ್ಲೊಂದು ಸಾಲು ಸರಿಯಾಗಿಯೇ ಸಿಗುತ್ತಿತ್ತು. ಕಾದಂಬರಿಯ ನಡುಭಾಗಕ್ಕೆ ಬಂದಾಗ ಒಂದು ತುಣುಕಿನಲ್ಲಿ ಉದ್ದನೆಯ ಕೆಮ್ಮು ಕೇಳಿತು. ಅವಳು ನೀರು ತರಲು ಎದ್ದುಹೋಗಿದ್ದ ಹೊತ್ತಿರಬೇಕು. ಮೈಕ್ ಚಾಲೂ ಇತ್ತು. ಅತ್ತೆ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು: "ಗಡ್ಡೆ ಅಂದ್ರು ಡಾಕ್ಟ್ರು. ಇರಲಿ. ಇದೊಂದು ಮುಗೀಲಿ, ಆಮೇಲೆ ಮನೇಲಿ ಹೇಳೋಣ."

ಹೆಡ್‌ಫೋನ್ ತೆಗೆದು ಕೆಳಗಿಟ್ಟಳು. ಗಾಜಿನಾಚೆಯ ಖಾಲಿ ಕುರ್ಚಿ ನೋಡುತ್ತ ಕುಳಿತಳು. ಆ ಕೆಮ್ಮಿನ ನಂತರವೂ ಉಳಿದರ್ಧ ಕಾದಂಬರಿಯನ್ನು "ಇನ್ನೊಂದ್ಸಲ" ಎಂದು ಓದಿಸಿದ್ದವಳು ಅವಳೇ.

"ಆಗ್ಲೇ ಗೊತ್ತಿತ್ತಾ ಅತ್ತೆ?" ಎಂದು ಸಂಜೆ ಕೇಳಿದಳು.

"ಅದೂ ಸಿಕ್ತಾ?"

"ಯಾಕೆ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ನೀನು ಓದೋಕೆ ಬಿಡ್ತಿದ್ಯಾ? ಆಪರೇಶನ್ ಆದ್ರೆ ದನಿ ಇರಲ್ಲ ಅಂದಿದ್ರು ಕಣೆ."

ಅವಳಿಗೆ ರೇಗಿತು, ಅಳುವೂ ಬಂತು, ಒಂದೂ ಪೂರ್ತಿಯಾಗಲಿಲ್ಲ. ಅಂದು ರಾತ್ರಿ ಇಬ್ಬರೂ ಊಟ ಬಿಟ್ಟರು.

ಕತ್ತರಿಯಕ್ಕ ಒಳಗಿನ $1ಗೂ ಚಿಹ್ನೆ ಹಾಕಿ ಸ್ಕ್ರಿಪ್ಟನ್ನು ತಿದ್ದಿದಳು. ಈಗ ಅದು ಒಂದೇ ಹೆಸರು ಬಂದಿದೆಯೇ ಎಂದು ಮೊದಲು ನೋಡುತ್ತದೆ, ಅಳಿಸುವ ಮುಂಚೆ ಆ ಹೆಸರು ತೋರಿಸಿ ಕೇಳುತ್ತದೆ. ಕಸದಲ್ಲಿ ಸಿಗದ ಪುಟಗಳನ್ನು ಅವಳೇ ಓದಿದಳು. ಗಾಜಿನ ಈಚೆ, ಸೊಸೆಯ ಕುರ್ಚಿಯಲ್ಲಿ, ಅತ್ತೆ ಕುಳಿತಿದ್ದರು. ಉಚ್ಚಾರ ತಪ್ಪಿದಾಗಲೆಲ್ಲ ಪೆನ್ಸಿಲಿನಿಂದ ಮೇಜು ಕುಟ್ಟುತ್ತಿದ್ದರು, ಬಹಳ ಸಲ ಕುಟ್ಟಿದರು. ಪುಸ್ತಕ ಎರಡು ದನಿಗಳಲ್ಲಿ ಹೊರಬಂತು.