ಮೈಲೂರಿನ ಊಟದ ಪಂಕ್ತಿಯಲ್ಲಿ ಕ್ಯಾಲೆಬ ಮಾಸ್ತರರು ಆಡಿದ ಮಾತು

ಬೀದರ ಜಿಲ್ಲೆಯ ಕಬಡ್ಡಿ ಅಂಗಳಗಳಲ್ಲಿ ಮೂವತ್ತನಾಲ್ಕು ವರ್ಷ ಸೀಟಿ ಊದಿ, ಭಾಲ್ಕಿಯ ಪ್ರೌಢಶಾಲೆಯಿಂದ ಈಗ ವಯೋನಿವೃತ್ತರಾಗುತ್ತಿರುವ ದೈಹಿಕ ಶಿಕ್ಷಕ ಶ್ರೀ ಕ್ಯಾಲೆಬ ಮಾಸ್ತರರ ಹೆಸರು ಕೇಳದ ಆಟಗಾರ ಈ ಸೀಮೆಯಲ್ಲಿ ಸಿಗಲಾರ. ಅವರು ಗೆದ್ದು ತಂದ ಢಾಲುಗಳ ಪಟ್ಟಿಯನ್ನು ಈ ಗೌರವ ಸಂಪುಟದಲ್ಲಿ ಬೇರೆಯವರು ಕೊಟ್ಟಿದ್ದಾರೆ. ನಮ್ಮ ಪಾಲಿಗೆ ಬಂದದ್ದು ಹೇಳಲು ಕಷ್ಟವಾದ ಸಂಗತಿ. "ಅದನ್ನ ಬಿಟ್ಟು ಬರೀತೀರಂದ್ರ ನನಗ ಈ ಪುಸ್ತಕಾನೇ ಬ್ಯಾಡ್ರಿ" ಎಂದು ಮಾಸ್ತರರೇ ಹಟ ಹಿಡಿದದ್ದರಿಂದ ಬರೆಯುತ್ತಿದ್ದೇವೆ.

ಮೈಲೂರಿನ ಮೆಥೋಡಿಸ್ಟ್ ಮನೆತನದ ಹಿರಿಯ ಮಗನಾದ ಅವರು, ಬೂಟಿಲ್ಲದ ಹುಡುಗರಿಗೆ ನಾಚಿಕೆಯಾಗಬಾರದೆಂದು ತಾವೂ ಬರಿಗಾಲಲ್ಲೇ ಓಡುತ್ತಿದ್ದವರು. ಸೇವೆಗೆ ಸೇರಿದ ಐದನೆಯ ವರ್ಷ ಶರೋನ ಅವರನ್ನು ಮದುವೆಯಾದರು. ಒಂಬತ್ತು ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಇಂಥಲ್ಲಿ ಬೊಟ್ಟು ಯಾರ ಕಡೆ ತಿರುಗುತ್ತದೆಂದು ಹೇಳಬೇಕೆ? ಗಂಡ ಕಬಡ್ಡಿಪಟು, ಗೋಡೆಯಂಥ ಎದೆಯವನು. ಅಂದಮೇಲೆ ದೋಷ ಹೆಂಡತಿಯದೇ ಎಂದು ಜನ ಕೂತಲ್ಲೇ ತೀರ್ಪು ಕೊಟ್ಟರು. ಶರೋನ ಕಂಡವರು ಹೇಳಿದ ಕಷಾಯ ಕುಡಿದರು, ಉಪವಾಸ ಪ್ರಾರ್ಥನೆ ಮಾಡಿದರು, ತಪಾಸಣೆಗಳಿಗೆ ಒಬ್ಬರೇ ಹೋಗಿಬಂದರು. ಮಾಸ್ತರರೂ ಜನರಂತೆಯೇ ನಂಬಿದ್ದರು.

ಆ ಒಂಬತ್ತನೆಯ ವರ್ಷ ಔರಾದದ ತಾಲ್ಲೂಕು ಪಂದ್ಯದಲ್ಲಿ ಒಬ್ಬ ಆಟಗಾರ ಬದಿಯ ಗೆರೆ ದಾಟಿದ. ನಿರ್ಣಾಯಕರಾಗಿದ್ದ ಮಾಸ್ತರರು ಸೀಟಿ ಊದಲಿಲ್ಲ. "ನಿಮ್ಮ ಮಗ್ಗಲದಾಗೇ ದಾಟ್ಯಾನ, ಕಾಣಲಿಲ್ಲೇನ್ರಿ ಸರ್?" ಎಂದು ಠಾಣಾ ಕುಶನೂರ ತಂಡದ ನಾಯಕ ಕೇಳಿದ. ನಿಜಕ್ಕೂ ಕಂಡಿರಲಿಲ್ಲ. ಪಕ್ಷಪಾತಿ ಎನ್ನಿಸಿಕೊಂಡು ಮನೆಗೆ ಬಂದವರು ಮರುದಿನವೇ ಬೀದರಿಗೆ ಹೋಗಿ ಕಣ್ಣು ತೋರಿಸಿದರು. ಎರಡೂ ಕಣ್ಣುಗಳ ಹೊರಬದಿಯ ನೋಟ ಹೋಗಿತ್ತು. ಕಣ್ಣಿನ ಡಾಕ್ಟರರು ಅವರನ್ನು ಹಾರ್ಮೋನು ರೋಗಗಳ ತಜ್ಞ ಡಾ. ಸಲಾವೋದ್ದೀನ ಅವರ ಬಳಿಗೆ ಕಳಿಸಿದರು.

"ಗಡ್ಡ ಎಷ್ಟ ದಿನಕ್ಕೊಮ್ಮಿ ಮಾಡ್ಕೋತೀರಿ ಮಾಸ್ತರ್?"

"ಹದಿನೈದು ದಿನಕ್ಕೊಮ್ಮಿ ಆದ್ರೂ ನಡೀತದ್ರಿ. ಬ್ಲೇಡ್ ಉಳೀತಾವ ಬಿಡ್ರಿ" ಎಂದು ಮಾಸ್ತರರು ನಕ್ಕರು.

"ಮಕ್ಕಳು?"

"ಇಲ್ರಿ. ಮನಿಯಾಕಿಗೆ ಏನೋ ದೋಷ ಅದ."

"ಆಕಿ ತಪಾಸಣಿ ಆಗ್ಯಾದೇನ್ರಿ?"

"ನಾಕು ಸರ್ತಿ ಆಗ್ಯಾದ. ಎಲ್ಲಾ ಸರಿ ಅದ ಅಂತಾರ."

"ಮತ್ತ ನಿಮ್ದು?"

ಒಂಬತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ. ದಣಿವನ್ನೂ, ದಾಂಪತ್ಯದ ಆಸೆ ಆರಿದ್ದನ್ನೂ ಬಿಸಿಲಿನ ಮೇಲೆ, ವಯಸ್ಸಿನ ಮೇಲೆ ಹಾಕಿ ಸುಮ್ಮನಿದ್ದರು.

ಸ್ಕ್ಯಾನಿನಲ್ಲಿ ಸಂಗತಿ ಬಯಲಾಯಿತು. ಮೆದುಳಿನ ತಳದಲ್ಲಿ ಪಿಟ್ಯುಟರಿ ಎಂಬ ಗ್ರಂಥಿಯಿದೆ. ಗಾತ್ರ ತೊಗರಿ ಕಾಳಿಗಿಂತ ತುಸು ದೊಡ್ಡದು, ಅಷ್ಟೇ. ಗಂಡಸಿನ ಟೆಸ್ಟೋಸ್ಟೆರಾನ್ ತಯಾರಾಗಲು ಅಪ್ಪಣೆ ಹೊರಡುವುದು ಅಲ್ಲಿಂದ. ಅಲ್ಲೊಂದು ಗಡ್ಡೆ ಬೆಳೆದು ಗ್ರಂಥಿಯನ್ನೂ ಕಣ್ಣಿನ ನರವನ್ನೂ ಒತ್ತಿತ್ತು. ಹೈದರಾಬಾದಿನಲ್ಲಿ ಮೂಗಿನ ಮೂಲಕ ಅದನ್ನು ತೆಗೆದರು. ಕಣ್ಣು ಮರಳಿತು, ಇಂಜೆಕ್ಷನ್ನಿನಿಂದ ಗಡ್ಡ, ಕಸುವು ಮರಳಿದವು. ಮಗುವಿಗಾಗಿ ಬೇರೆ ಔಷಧಿಯನ್ನೂ ಪ್ರಯತ್ನಿಸಿದರು, ಆಗಲಿಲ್ಲ.

ಮನೆಯವರಿಗೆ ಕಣ್ಣಿನ ಆಪರೇಷನ್ ಎಂದಷ್ಟೇ ಹೇಳಲಾಗಿತ್ತು. ಅದಕ್ಕೆ ಶರೋನರ ಒತ್ತಾಯವೇ ಕಾರಣ. "ನನಗ ಅನ್ನಿಸ್ಕೊಂಡು ರೂಢಿ ಆಗ್ಯಾದ. ನೀವು ಹುಡುಗೂರ ಮುಂದ ನಿಂದರಾವ್ರು, ಸುಮ್ನ ಇರ್ರಿ." ಮಾಸ್ತರರು ಸುಮ್ಮನಿದ್ದರು. ಗೌರವ ಗ್ರಂಥದಲ್ಲಿ ಬರೆಯಬಾರದ ಮಾತಾದರೂ ಬರೆಯುತ್ತೇವೆ: ಎಲ್ಲ ಗೊತ್ತಿದ್ದೂ ಒಂದು ವರ್ಷ ಸುಮ್ಮನಿದ್ದರು.

ಮರುವರ್ಷ ಮಾಸ್ತರರ ತಮ್ಮ ಜಾನ್ಸನನ ಮಗುವಿನ ದೀಕ್ಷಾಸ್ನಾನವಾಗಿ, ಮೈಲೂರಿನ ಮನೆಯಲ್ಲಿ ಊಟದ ಪಂಕ್ತಿ ಕೂತಿತ್ತು. ಕೂಸು ಕೈಯಿಂದ ಕೈಗೆ ದಾಟುತ್ತ ಬಂತು. ಶರೋನ ಕೈ ಚಾಚಿದಾಗ ಅತ್ತೆ ಮಾರ್ಥಾ ಕೂಸನ್ನು ಎತ್ತಿಕೊಂಡುಬಿಟ್ಟರು: "ಬಂಜಿ ಕೈಯಾಗ ಬ್ಯಾಡ." ಶರೋನ ಚಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ತಲೆ ತಗ್ಗಿಸಿದರು.

ಮಾಸ್ತರರು ಎಲೆಯ ಮುಂದಿನಿಂದ ಎದ್ದರು. ಮೈಕಿಲ್ಲದೆ ಇಡೀ ಮೈದಾನಕ್ಕೆ ಕೇಳಿಸುವ ಅದೇ ದನಿಯಲ್ಲಿ ಹೇಳಿದರು: "ದೋಷ ಶರೋನಂದಲ್ಲ, ನಂದು. ನನ್ನ ತಲ್ಯಾಗ ಗಡ್ಡಿ ಇತ್ತು. ಗಂಡಸರಿಗೆ ಬೇಕಾದ ಹಾರ್ಮೋನು ನನ್ನ ಮೈಯಾಗ ಆಗ್ತಿರಲಿಲ್ಲ. ಅದಕ್ಕ ಮಕ್ಕಳಾಗಿಲ್ಲ."

"ಹಿಂಗ ಎಲ್ಲಾರ ಮುಂದ ಹೇಳಬಾರದಪ್ಪಾ" ಎಂದರು ತಾಯಿ.

"ಎಲ್ಲಾರ ಮುಂದನ ಆಕಿಗೆ ಅಂದೀಯಲ್ಲವ್ವಾ."

ಅಬ್ಬಾ, ಆಮೇಲೆ ಊರಿನ ಬಾಯಿ ಸುಮ್ಮನಿದ್ದೀತೆ! ಚಹಾದ ಅಂಗಡಿಗಳಲ್ಲಿ ಕಿಸಕ್ಕನೆ ನಕ್ಕವರುಂಟು. ಆದರೆ ನಗುವವರ ನಡುವಿನಿಂದಲೇ ಮಕ್ಕಳಿಲ್ಲದ ಗಂಡಸರು ಒಬ್ಬೊಬ್ಬರಾಗಿ ಮಾಸ್ತರರ ಮನೆಗೂ ಬಂದರು: ಅಣ್ಣನ ಮಗನ ಕ್ರೀಡಾ ಸರ್ಟಿಫಿಕೇಟಿನ ನೆಪದಲ್ಲಿ ಬಂದು, ನಿಜವಾದ ವಿಷಯವನ್ನು ಹೊರಡುವಾಗ ಹೊಸ್ತಿಲಲ್ಲಿ ಹೇಳಿದರು. ಅಂಥವರನ್ನು ಮಾಸ್ತರರು ತಾವೇ ಜೊತೆಗೆ ಕೂತು ಬೀದರ ಬಸ್ಸಿನಲ್ಲಿ ಕರೆದೊಯ್ದರು. "ಮೊದಲ ನಿಮ್ದು ತೋರಿಸ್ರಿ, ಆಮ್ಯಾಲ ಆಕಿದು" ಎನ್ನುವುದು ಅವರ ಕಟ್ಟಪ್ಪಣೆ.

ಶ್ರೀ ಕ್ಯಾಲೆಬ ಮಾಸ್ತರರು ನೂರ್ಕಾಲ ಬಾಳಲಿ. ನಿವೃತ್ತಿ ಅವರ ಸಂಬಳಪಟ್ಟಿಗಷ್ಟೇ ಇರಲಿ, ಆ ಬಸ್ಸಿನ ಪ್ರಯಾಣಕ್ಕೆ ಬಾರದಿರಲಿ ಎಂದು ಮನಸಾರೆ ಹಾರೈಸುತ್ತೇವೆ. ಮಗುವಿಲ್ಲದ ನೋವು ಈಗಲಾದರೂ ಹೋಯಿತೇ ಎಂದು ಶರೋನ ಅವರನ್ನು ಕೇಳಿದೆವು. ಅವರು ಹೇಳಿದರು:

"ಹ್ಯಾಂಗ ಹೋಗ್ತದ್ರಿ? ಮನ್ಯಾಗೇ ಅದ. ಆದ್ರ ಮೊದಲ ಅದು ನನ್ನೊಬ್ಬಾಕಿದು ಇತ್ತು. ಈಗ ಇಬ್ಬರದು ಆಗ್ಯಾದ."